ಹಾಸನದಿಂದಲೇ ಎಚ್‌ಆರ್ ವೃತ್ತಿಗೆ: ಮೊದಲ ನೌಕರಿಯನ್ನು ಆರಿಸಿಕೊಳ್ಳುವ ಬಗೆ

ಪದವಿ ಮುಗಿಸಿ ಮುಂದೆ ಮಾನವ ಸಂಪನ್ಮೂಲ ವಿಭಾಗದಲ್ಲಿ ನೆಲೆಯೂರಬೇಕೆಂದು ಬಯಸುವ ನಮ್ಮ ಜಿಲ್ಲೆಯ ಯುವಕ ಯುವತಿಯರು ಸಾಮಾನ್ಯವಾಗಿ ಮೊದಲು ಹುಡುಕುವುದು, ಹುದ್ದೆಯ ಹೆಸರಿನಲ್ಲಿಯೇ ಎಚ್‌ಆರ್ ಎಂದು ಬರೆದಿರುವ ಜಾಹೀರಾತುಗಳನ್ನು. ಹಾಗೆ ಹುಡುಕುವುದು ತಪ್ಪಲ್ಲ, ಆದರೆ ಅಷ್ಟೇ ಸಾಲದು. ಒಬ್ಬ ನೌಕರ ಸೇರಿದ ದಿನದಿಂದ ಬಿಟ್ಟುಹೋಗುವ ದಿನದವರೆಗೆ ಆತನ ಹಾಜರಿ, ರಜೆ, ಸಂಬಳ, ಪಿಎಫ್ (ಭವಿಷ್ಯ ನಿಧಿ), ದೂರು, ಕೊನೆಯ ಸೆಟಲ್‌ಮೆಂಟ್ (ಬಿಡುವಾಗಿನ ಬಾಕಿ ಲೆಕ್ಕ) ಇವುಗಳಲ್ಲಿ ಎಷ್ಟು ನಿಮ್ಮ ಕೈಯಿಂದ ಹಾದುಹೋಗುತ್ತವೆ ಎಂಬುದೇ ಮೊದಲ ನೌಕರಿಯನ್ನು ಅಳೆಯುವ ಸರಿಯಾದ ಮಾನದಂಡ ಎಂದು ನಾನು ನಂಬಿದ್ದೇನೆ. ಈ ದೃಷ್ಟಿಯಿಂದ ನೋಡಿದರೆ, ಹೆಸರಿನಲ್ಲಿ ಎಚ್‌ಆರ್ ಇಲ್ಲದ ಎಷ್ಟೋ ಕೆಲಸಗಳು ಹಾಸನದಲ್ಲಿಯೇ ಸಿಗುತ್ತವೆ.

ಅವುಗಳಲ್ಲಿ ನಾನು ಮೊದಲ ಸ್ಥಾನ ಕೊಡುವುದು ಕಾರ್ಖಾನೆಯ ಟೈಮ್ ಆಫೀಸಿಗೆ. ಹಾಸನದ ಕೈಗಾರಿಕಾ ಪ್ರದೇಶದಲ್ಲಿಯೂ ಜವಳಿ ವಿಶೇಷ ಆರ್ಥಿಕ ವಲಯದಲ್ಲಿಯೂ ಇರುವ ಗಾರ್ಮೆಂಟ್ಸ್ ಮತ್ತು ಜವಳಿ ಘಟಕಗಳಲ್ಲಿ ದುಡಿಯುವವರಲ್ಲಿ ಸುತ್ತಲಿನ ಹಳ್ಳಿಗಳ ಹೆಣ್ಣುಮಕ್ಕಳೂ ಇದ್ದಾರೆ, ಹೊರ ರಾಜ್ಯಗಳಿಂದ ಬಂದವರೂ ಇದ್ದಾರೆ. ಅಂಥ ಕಡೆ ಟೈಮ್ ಆಫೀಸಿನ ಗುಮಾಸ್ತನೆಂದರೆ ಹಾಜರಿ ಯಂತ್ರದ ಲೆಕ್ಕ ತೆಗೆಯುವವನು, ಶಿಫ್ಟ್ ಬದಲಾವಣೆ ನಮೂದಿಸುವವನು, ಓಟಿ (ಹೆಚ್ಚುವರಿ ಗಂಟೆಗಳ ದುಡಿಮೆ) ಪಟ್ಟಿಗೆ ಸೂಪರ್‌ವೈಸರ್ ಸಹಿ ಹಾಕಿಸಿಕೊಳ್ಳುವವನು, ಹೊಸಬರಿಂದ ಆಧಾರ್ ಮತ್ತು ಬ್ಯಾಂಕ್ ಪಾಸ್‌ಬುಕ್ಕಿನ ಪ್ರತಿ ಪಡೆದು ಫೈಲು ಕಟ್ಟುವವನು. ಕೆಲಸ ಬೇಸರದ್ದೆಂದು ಕಾಣಬಹುದು. ಆದರೆ ಸಂಬಳದ ದಿನ ಕಿಟಕಿಯ ಬಳಿ ಬಂದು ನಿಲ್ಲುವ ಜನರಿಗೆ ಉತ್ತರ ಹೇಳಬೇಕಾದವನೂ ಅವನೇ ಆಗಿರುವುದರಿಂದ, ಈ ವೃತ್ತಿಯ ತಿರುಳು ಅಲ್ಲಿಯೇ ಮೊದಲು ಕೈಗೆ ಸಿಗುತ್ತದೆ.

ಒಂದು ಪೇಸ್ಲಿಪ್ಪನ್ನು ಹತ್ತಿರದಿಂದ ನೋಡೋಣ. ಟೈಲರೊಬ್ಬರಿಗೆ ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ 14,000 ರೂಪಾಯಿ, ಇತರ ಭತ್ಯೆ 2,000, ಒಟ್ಟು 16,000 ಎಂದು ಇಟ್ಟುಕೊಳ್ಳಿ. ಪಿಎಫ್‌ಗೆಂದು 14,000ದ ಶೇಕಡಾ 12, ಅಂದರೆ 1,680 ರೂಪಾಯಿ ಕಡಿತವಾಗುತ್ತದೆ. ನೌಕರರ ವಿಮೆಯಾದ ಇಎಸ್‌ಐಗೆ 16,000ದ ಶೇಕಡಾ 0.75, ಅಂದರೆ 120. ಕೈಗೆ ಬರುವುದು 14,200. ‘ಸಾರ್, ಹದಿನಾರು ಸಾವಿರ ಅಂದಿದ್ರಲ್ಲ, ಉಳಿದದ್ದು ಎಲ್ಲೋಯ್ತು?’ ಎಂದು ಆಕೆ ಕೇಳಿದಾಗ ‘ಕಟ್ ಆಗಿದೆ’ ಎಂದು ಹೇಳಿ ಕಳಿಸುವವನು ಗುಮಾಸ್ತನಾಗಿಯೇ ಉಳಿಯುತ್ತಾನೆ. ಆ 1,680ರ ಜೊತೆಗೆ ಕಂಪನಿಯೂ ಅಷ್ಟೇ ಮೊತ್ತ ಸೇರಿಸುತ್ತದೆ, ಅದರಲ್ಲಿ ಶೇಕಡಾ 8.33ರ ಲೆಕ್ಕದಲ್ಲಿ 1,166 ರೂಪಾಯಿ ಪಿಂಚಣಿ ಖಾತೆಗೂ ಉಳಿದ 514 ರೂಪಾಯಿ ಆಕೆಯ ಪಿಎಫ್ ಖಾತೆಗೂ ಹೋಗುತ್ತದೆ, ಇಎಸ್‌ಐಗೆ ಕಂಪನಿ ತನ್ನ ಪಾಲಿನ 520 ರೂಪಾಯಿ ಕಟ್ಟುತ್ತದೆ, ಅದರಿಂದ ಆಕೆಗೂ ಮನೆಯ ಅವಲಂಬಿತರಿಗೂ ಚಿಕಿತ್ಸೆ ಸಿಗುತ್ತದೆ ಎಂದು ಆಕೆಗೆ ಅರ್ಥವಾಗುವ ಮಾತಿನಲ್ಲಿ ವಿವರಿಸಿ, ಮೊಬೈಲಿನಲ್ಲಿ ಪಾಸ್‌ಬುಕ್ ತೆರೆದು ತೋರಿಸುವವನು ಆಗಲೇ ಎಚ್‌ಆರ್ ಕೆಲಸ ಆರಂಭಿಸಿದ್ದಾನೆ. ಮೊದಲ ವರ್ಷ ಇಷ್ಟನ್ನು ತಪ್ಪಿಲ್ಲದೆ ಕಲಿತರೂ ಅದು ಸಣ್ಣ ಗಳಿಕೆಯಲ್ಲ.

ಹೆಸರಿನ ವ್ಯತ್ಯಾಸವೂ ಅಷ್ಟೇ ಮುಖ್ಯವಾದ ಪಾಠ. ಆಧಾರ್‌ನಲ್ಲಿ ಲಕ್ಷ್ಮಮ್ಮ, ಪಿಎಫ್ ದಾಖಲೆಯಲ್ಲಿ ಲಕ್ಷ್ಮಿ ಎಂದಿದ್ದರೆ ವರ್ಷಗಳ ನಂತರ ಹಣ ತೆಗೆಯಲು ಹಾಕಿದ ಅರ್ಜಿ ತಿರಸ್ಕೃತವಾಗಬಹುದು. ಕೆಲಸ ಬಿಟ್ಟ ದಿನಾಂಕವನ್ನು ಹಿಂದಿನ ಕಂಪನಿ ನಮೂದಿಸದೆ ಬಿಟ್ಟಿದ್ದರೂ ಅದೇ ಪಾಡು. ಸೇರಿದ ದಿನವೇ ಕುಳಿತು ಅಕ್ಷರ ಅಕ್ಷರ ಹೋಲಿಸಿ ನೋಡುವ ಅಭ್ಯಾಸ ಇರುವವರನ್ನು ಈ ಕ್ಷೇತ್ರ ಎಂದೂ ಕೈಬಿಡುವುದಿಲ್ಲ.

ಎರಡನೆಯ ಒಳ್ಳೆಯ ಬಾಗಿಲು ಪಿಎಫ್–ಇಎಸ್‌ಐ ಕನ್ಸಲ್ಟೆಂಟರ ಕಚೇರಿ. ಒಂದೇ ಕಚೇರಿಯಲ್ಲಿ ಹೋಟೆಲು, ಆಸ್ಪತ್ರೆ, ಶಾಲೆ, ಸೆಕ್ಯುರಿಟಿ ಏಜೆನ್ಸಿ, ಸಣ್ಣ ಕಾರ್ಖಾನೆ ಎಲ್ಲರ ದಾಖಲೆಗಳೂ ಬರುತ್ತವೆ. ತಿಂಗಳ 15ರೊಳಗೆ ಪಿಎಫ್ ಮತ್ತು ಇಎಸ್‌ಐ ಎರಡೂ ಚಲನ್ ಕಟ್ಟಲೇಬೇಕಾದ್ದರಿಂದ ಆ ಮೊದಲಿನ ವಾರ ಉಸಿರಾಡಲು ಬಿಡುವಿರುವುದಿಲ್ಲ. ಕಾನೂನಿನ ಸೂಕ್ಷ್ಮಗಳು ಇಲ್ಲಿ ಬೇಗ ಕೈವಶವಾಗುತ್ತವೆ. ಉದಾಹರಣೆಗೆ, ಇಎಸ್‌ಐಗೆ ತಿಂಗಳ ವೇತನದ ಮಿತಿ 21,000 ರೂಪಾಯಿ. ಆದರೆ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗಿನ ಅವಧಿಯ ನಡುವೆ ಸಂಬಳ ಹೆಚ್ಚಾಗಿ ಆ ಮಿತಿ ದಾಟಿದರೂ ಅವಧಿ ಮುಗಿಯುವವರೆಗೆ ವಂತಿಗೆ ಕಟ್ಟುತ್ತಲೇ ಇರಬೇಕು. ಇದನ್ನು ಬಲ್ಲ ಹೊಸ ಪದವೀಧರರು ಬಹಳ ವಿರಳ. ಇಲ್ಲಿನ ಕೊರತೆಯೆಂದರೆ ಕಾಗದಗಳೇ ಕಣ್ಣಿಗೆ ಬೀಳುತ್ತವೆ, ಜನ ಕಾಣುವುದಿಲ್ಲ. ಆದ್ದರಿಂದ ಒಂದೆರಡು ವರ್ಷ ಕಳೆದ ಮೇಲೆ ಜನರಿರುವ ಕಡೆಗೆ ದಾಟಿಕೊಳ್ಳುವುದು ಲೇಸು.

ಸಕಲೇಶಪುರ, ಬೇಲೂರು, ಮೂಡಿಗೆರೆ, ಚಿಕ್ಕಮಗಳೂರಿನ ಕಡೆಯವರಿಗೆ ಇನ್ನೊಂದು ದಾರಿಯೂ ಇದೆ. ದೊಡ್ಡ ಕಾಫಿ ತೋಟದ ರೈಟರ್ ಹಾಜರಿ ಪುಸ್ತಕ ಬರೆಯುತ್ತಾನೆ, ಹಣ್ಣು ಕೊಯ್ಲಿನ ಕಾಲದಲ್ಲಿ ಕೆಜಿ ಲೆಕ್ಕದ ಕೂಲಿ ಕಟ್ಟುತ್ತಾನೆ, ಕಾರ್ಮಿಕರು ವಾಸಿಸುವ ಲೈನ್ ಮನೆಯ ನೀರು ಮತ್ತು ದುರಸ್ತಿಯ ದೂರುಗಳನ್ನು ಕೇಳುತ್ತಾನೆ, ಮೇಸ್ತ್ರಿಗೂ ಮಾಲೀಕರಿಗೂ ನಡುವೆ ನಿಲ್ಲುತ್ತಾನೆ. ತೋಟದ ಕಾರ್ಮಿಕರಿಗೆ ವಸತಿ, ಕುಡಿಯುವ ನೀರು, ವೈದ್ಯಕೀಯ ಸೌಲಭ್ಯ ಕೊಡಬೇಕೆಂಬ ಹೊಣೆಯನ್ನು 1951ರಲ್ಲಿಯೇ ಪ್ರತ್ಯೇಕ ಕಾಯ್ದೆಯೊಂದು ಮಾಲೀಕರ ಮೇಲೆ ಹೊರಿಸಿತ್ತು. ಈ ಕೆಲಸ ಮಾಡಿದವರು ಸಂದರ್ಶನದಲ್ಲಿ ತಮ್ಮ ಅನುಭವವನ್ನು ತೀರ ಕಡಿಮೆ ಮಾಡಿ ಹೇಳಿಕೊಳ್ಳುವುದನ್ನು ಕಂಡು ನನಗೆ ನೋವಾಗುತ್ತದೆ. ನಾನಾ ಭಾಷೆಯ ಕಾರ್ಮಿಕರ ಕೂಲಿ ಮತ್ತು ವಸತಿಯನ್ನು ನೋಡಿಕೊಂಡವರು ಅದನ್ನು ಧೈರ್ಯವಾಗಿ ಹೇಳಬೇಕು.

ಆಸ್ಪತ್ರೆಯ ಡ್ಯೂಟಿ ರೋಸ್ಟರ್ ತಯಾರಿಸುವ ಆಡಳಿತ ಸಹಾಯಕ ಮತ್ತು ದೊಡ್ಡ ಅಂಗಡಿಯ ಫ್ಲೋರ್ ಸೂಪರ್‌ವೈಸರ್ ಕೆಲಸಗಳೂ ಪರವಾಗಿಲ್ಲ. ಮಾರಾಟದ ಟಾರ್ಗೆಟ್ ಮಾತ್ರ ಇರುವ ಕೆಲಸ ಈ ದಾರಿಗೆ ಅಷ್ಟಾಗಿ ನೆರವಾಗದು.

ಬೆಂಗಳೂರಿನ ನೇಮಕಾತಿ ಏಜೆನ್ಸಿಗಳು ಕೊಡುವ ‘ಎಚ್‌ಆರ್ ರಿಕ್ರೂಟರ್’ ಹುದ್ದೆಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ದಿನವಿಡೀ ಅಭ್ಯರ್ಥಿಗಳಿಗೆ ಫೋನ್ ಮಾಡುವುದರಿಂದ ಮಾತು ಪಳಗುತ್ತದೆ, ಸಂದರ್ಶನ ಏರ್ಪಡಿಸುವ ಶಿಸ್ತು ಬರುತ್ತದೆ, ಮುಂದೆ ನೇಮಕಾತಿಯಲ್ಲಿಯೇ ಬೆಳೆಯಬೇಕೆಂದಿರುವವರಿಗೆ ಅದು ಸಹಜವಾದ ಆರಂಭ. ಆದರೆ ನೇಮಕಗೊಂಡ ವ್ಯಕ್ತಿ ಕಂಪನಿಯೊಳಗೆ ಹೋದ ಮೇಲೆ ಏನಾಗುತ್ತದೆ ಎಂಬುದನ್ನು ನೀವು ನೋಡುವುದೇ ಇಲ್ಲ. ಬಾಡಿಗೆ ಕಳೆದು ಉಳಿಯುವ ಹಣವನ್ನು ಮನೆಯಿಂದ ಓಡಾಡುವ ಹಾಸನದ ಸಂಬಳದೊಡನೆ ಕಾಗದದ ಮೇಲೆ ಬರೆದು ಹೋಲಿಸಿ, ಆಮೇಲೆ ನಿರ್ಧರಿಸಿ.

ಸಂದರ್ಶನದಲ್ಲಿ ನೀವೂ ಪ್ರಶ್ನೆ ಕೇಳಬಹುದು, ಕೇಳಲೇಬೇಕು. ಇಲ್ಲಿ ನೇರ ನೌಕರರು ಎಷ್ಟು, ಗುತ್ತಿಗೆಯವರು ಎಷ್ಟು? ಸಂಬಳದ ಲೆಕ್ಕ ಒಳಗೇ ಆಗುತ್ತದೆಯೇ ಅಥವಾ ಹೊರಗಿನವರಿಗೆ ಕೊಟ್ಟಿದ್ದೀರಾ? ನಾನು ಯಾರ ಕೈಕೆಳಗೆ ಕೆಲಸ ಮಾಡುತ್ತೇನೆ, ಅವರು ಎಷ್ಟು ವರ್ಷದಿಂದ ಇಲ್ಲಿದ್ದಾರೆ? ಈ ಕೊನೆಯ ಪ್ರಶ್ನೆಗೆ ನಾನು ಹೆಚ್ಚು ಬೆಲೆ ಕೊಡುತ್ತೇನೆ, ಏಕೆಂದರೆ ತಪ್ಪಿಗೆ ಕಾರಣ ಕೇಳುವ ಷೋಕಾಸ್ ನೋಟಿಸನ್ನು ಹೇಗೆ ಬರೆಯಬೇಕು, ಕೋಪಗೊಂಡು ಬಂದ ಕಾರ್ಮಿಕನನ್ನು ಮೊದಲು ಕೂರಿಸಿ ನೀರು ಕೊಟ್ಟು ಹೇಗೆ ಮಾತನಾಡಿಸಬೇಕು ಎಂಬುದನ್ನು ಅನುಭವಸ್ಥ ಅಧಿಕಾರಿಯ ಪಕ್ಕದಲ್ಲಿ ಕುಳಿತೇ ಕಲಿಯಬೇಕಾಗುತ್ತದೆ. ಕೆಲಸ ಕೊಡಲು ಠೇವಣಿ ಕೇಳುವವರನ್ನೂ ಮೂಲ ಅಂಕಪಟ್ಟಿಗಳನ್ನು ತಮ್ಮಲ್ಲಿ ಇಟ್ಟುಕೊಳ್ಳುತ್ತೇವೆನ್ನುವವರನ್ನೂ ಅಲ್ಲಿಗೇ ಬಿಟ್ಟು ಬನ್ನಿ.

ಓದಿನ ವಿಷಯಕ್ಕೆ ಬಂದರೆ, ಕಾರ್ಖಾನೆಯ ಕಲ್ಯಾಣಾಧಿಕಾರಿಯಾಗಬೇಕೆಂಬ ಆಸೆಯಿದ್ದವರಿಗೆ ಎಂ.ಎಸ್.ಡಬ್ಲ್ಯೂ. (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ನೇರವಾದ ದಾರಿ. 1948ರ ಕಾರ್ಖಾನೆಗಳ ಕಾಯ್ದೆ 500 ಕಾರ್ಮಿಕರಿದ್ದ ಕಡೆ ಕಲ್ಯಾಣಾಧಿಕಾರಿ ಇರಬೇಕೆಂದು ಹೇಳಿತ್ತು. ಅದರ ಜಾಗಕ್ಕೆ ಬಂದಿರುವ ಹೊಸ ಕಾರ್ಮಿಕ ಸಂಹಿತೆ ಈ ಸಂಖ್ಯೆಯನ್ನು 250ಕ್ಕೆ ಇಳಿಸಿದೆ. ಕೆಲಸ ಮಾಡುತ್ತಲೇ ಓದಬೇಕೆನ್ನುವವರು ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯದ ಎಂಬಿಎಯನ್ನೋ ಇಗ್ನೋದ ಮಾನವ ಸಂಪನ್ಮೂಲ ಡಿಪ್ಲೊಮಾವನ್ನೋ ಪರಿಶೀಲಿಸಬಹುದು. ನನ್ನ ಸಲಹೆಯೆಂದರೆ ಮೊದಲು ಒಂದು ವರ್ಷ ಕೆಲಸ ಮಾಡಿ, ನಂತರ ಓದು ಆರಂಭಿಸಿ. ಆಗ ಪುಸ್ತಕದ ಪ್ರತಿ ಅಧ್ಯಾಯಕ್ಕೂ ನಿಮ್ಮ ಕಚೇರಿಯಲ್ಲಿಯೇ ಒಂದು ಉದಾಹರಣೆ ಸಿಗುತ್ತದೆ. ಹಳೆಯ ಕಾರ್ಮಿಕ ಕಾಯ್ದೆಗಳ ಜಾಗಕ್ಕೆ ಇಂಥ ನಾಲ್ಕು ಕಾರ್ಮಿಕ ಸಂಹಿತೆಗಳು 2025ರ ನವೆಂಬರ್ 21ರಿಂದ ಜಾರಿಗೆ ಬಂದಿರುವುದರಿಂದ ಹಳೆಯ ಗೈಡುಗಳನ್ನಷ್ಟೇ ನಂಬಬೇಡಿ. ಕೆಲಸ ಬಿಡುವಾಗ ಸೇವೆಯ ಲೆಕ್ಕದಲ್ಲಿ ಸಿಗುವ ಗ್ರಾಚ್ಯುಟಿಗೆ ಐದು ವರ್ಷದ ಸೇವೆ ಬೇಕೆಂಬ ಸಾಮಾನ್ಯ ನಿಯಮ ಉಳಿದಿದ್ದರೂ, ನಿಗದಿತ ಅವಧಿಗೆ ನೇಮಕವಾದವರಿಗೆ ಒಂದು ವರ್ಷಕ್ಕೇ ಅದು ಸಲ್ಲುತ್ತದೆ ಎಂಬಂಥ ಬದಲಾವಣೆಗಳನ್ನು ತಿಳಿದಿರುವ ಹೊಸಬನನ್ನು ಹಿರಿಯರೂ ಹತ್ತಿರ ಕರೆದು ಕೇಳುತ್ತಾರೆ.

ಜೊತೆಗೆ ಎಕ್ಸೆಲ್ ಚೆನ್ನಾಗಿ ಬರಲಿ, ಸ್ವಲ್ಪ ಹಿಂದಿ ಬರಲಿ, ಮುಖ್ಯವಾಗಿ ಕನ್ನಡದಲ್ಲಿ ಒಂದು ಸೂಚನೆಯನ್ನು ಯಾರೂ ಎರಡು ಅರ್ಥ ಮಾಡಿಕೊಳ್ಳದಂತೆ ಬರೆಯಲು ಬರಲಿ. ಯಾರ ಸಂಬಳ ಎಷ್ಟು, ಯಾರು ಯಾರ ಮೇಲೆ ದೂರು ಕೊಟ್ಟರು ಎಂಬುದು ಚಹಾದ ಅಂಗಡಿಯವರೆಗೆ ಹೋಗಬಾರದು. ಗುಟ್ಟು ಕಾಯಲಾರದವರಿಗೆ ಯಾರೂ ಪರ್ಸನಲ್ ಫೈಲಿನ ಬೀರುವಿನ ಕೀಲಿ ಕೊಡುವುದಿಲ್ಲ.

ಎರಡು ವರ್ಷದ ನಂತರವೂ ಅದೇ ಹಾಜರಿ ಪಟ್ಟಿಯನ್ನಷ್ಟೇ ಮಾಡುತ್ತಿದ್ದರೆ, ಸಂಬಳದ ಲೆಕ್ಕವನ್ನೋ ಹೊಸಬರ ತರಬೇತಿಯನ್ನೋ ವಹಿಸಿಕೊಡಿ ಎಂದು ಬರವಣಿಗೆಯಲ್ಲಿ ಕೇಳಿ. ಒಪ್ಪದಿದ್ದರೆ ಬೇರೆ ಕಡೆ ನೋಡಿ. ಬಿಡುವಾಗ ನೋಟಿಸ್ ಅವಧಿಯನ್ನು ಪೂರ್ಣಗೊಳಿಸಿ ರಿಲೀವಿಂಗ್ (ಕೆಲಸದಿಂದ ಬಿಡುಗಡೆಯ) ಪತ್ರ ಪಡೆದುಕೊಳ್ಳಿ. ಅನುಭವ ಪತ್ರದಲ್ಲಿ ‘ಟೈಮ್ ಆಫೀಸ್ ಸಹಾಯಕ’ ಎಂಬ ಹುದ್ದೆಯ ಹೆಸರಷ್ಟೇ ಇರದೆ, ಎಷ್ಟು ನೌಕರರ ಹಾಜರಿ, ವೇತನ, ಪಿಎಫ್ ಮತ್ತು ಇಎಸ್‌ಐ ದಾಖಲೆಗಳನ್ನು ನೀವು ನಿರ್ವಹಿಸಿದಿರಿ ಎಂಬ ಒಂದು ಸಾಲನ್ನು ಸೇರಿಸಿಕೊಡಲು ಮೇಲಧಿಕಾರಿಯನ್ನು ಕೇಳಿಕೊಳ್ಳಿ, ಏಕೆಂದರೆ ಮುಂದಿನ ಸಂದರ್ಶನದಲ್ಲಿ ಮೊದಲ ಪ್ರಶ್ನೆ ಬರುವುದು ಆ ಸಾಲಿನ ಮೇಲೆಯೇ.