ವಾರ್ಡಿನಿಂದ ಕರೆ ಬಂದಾಗ: ರ‍್ಯಾಪಿಡ್ ರೆಸ್ಪಾನ್ಸ್ ನರ್ಸ್ ಮಾಡಬೇಕಾದ್ದು

ಮುಂಬಯಿ, ಪುಣೆಯ ದೊಡ್ಡ ಆಸ್ಪತ್ರೆಗಳಲ್ಲಿ ರ‍್ಯಾಪಿಡ್ ರೆಸ್ಪಾನ್ಸ್ ತಂಡಕ್ಕೆ ಸಾಮಾನ್ಯವಾಗಿ ಐಸಿಯುನಲ್ಲಿ ಪಳಗಿದ ಸಿಸ್ಟರ್, ಬ್ರದರ್‌ಗಳನ್ನೇ ಹಾಕುತ್ತಾರೆ. ಕೋಡ್ ಬ್ಲೂ ಹೃದಯ ನಿಂತ ಮೇಲಿನ ಓಟ; ಇದು ನಿಲ್ಲುವುದಕ್ಕೆ ಮುಂಚಿನ ಕೆಲಸ. ವಾರ್ಡಿನಲ್ಲಿ ಹೃದಯ ನಿಂತ ಬಹುಪಾಲು ರೋಗಿಗಳ ಉಸಿರು, ನಾಡಿ, ಬಿಪಿ ಗಂಟೆಗಳ ಮುಂಚೆಯೇ ಕೆಟ್ಟಿರುತ್ತವೆ. ಸಿಡ್ನಿಯ ಲಿವರ್‌ಪೂಲ್ ಆಸ್ಪತ್ರೆಯಲ್ಲಿ 1990ರಲ್ಲಿ ಇಂಥ ತಂಡ ಶುರುವಾದದ್ದು ಆ ಗಂಟೆಗಳನ್ನು ಬಳಸಿಕೊಳ್ಳಲಿಕ್ಕೇ.

ಕಾಗದಪತ್ರ ಮೊದಲು ಮುಗಿಸಿಕೊಳ್ಳಿ. ಕರ್ನಾಟಕದ ನೋಂದಣಿ ಹಿಡಿದು ಬಂದವರು ಮಹಾರಾಷ್ಟ್ರ ನರ್ಸಿಂಗ್ ಕೌನ್ಸಿಲ್‌ನಲ್ಲೂ ನೋಂದಾಯಿಸಬೇಕು. ಜೀವ ಉಳಿಸುವ ತರಬೇತಿಯ ಬಿಎಲ್ಎಸ್ (ಮೂಲ ಹಂತ), ಎಸಿಎಲ್ಎಸ್ (ಮುಂದಿನ ಹಂತ) ಕಾರ್ಡಿನ ಅವಧಿ ಎರಡು ವರ್ಷ. ನಿಮ್ಮ ಆಸ್ಪತ್ರೆಯ ಸ್ಟ್ಯಾಂಡಿಂಗ್ ಆರ್ಡರ್ ಓದಿ, ವೈದ್ಯರು ಬರುವ ಮುನ್ನ ನೀವಾಗಿ ಏನು ಕೊಡಬಹುದು ಎಂಬುದನ್ನು ಬಾಯಿಪಾಠ ಮಾಡಿಕೊಳ್ಳಿ. ಮುಂದೆ ಬರುವ ಔಷಧದ ಮಾತೆಲ್ಲ ಆ ಚೌಕಟ್ಟಿನ ಒಳಗಿನದು.

ಉಸಿರು ಎಣಿಸುವುದು

ಯಾವ ವಾರ್ಡಿನ ಚಾರ್ಟ್ ತೆಗೆದರೂ ಉಸಿರಿನ ಕಾಲಮ್ಮಿನಲ್ಲಿ 18, 20, 18, 20. ಅದು ಎಣಿಸಿದ ಸಂಖ್ಯೆಯಲ್ಲ, ಕೈ ತಾನಾಗಿ ಬರೆದದ್ದು. ಬಿಪಿ, ಎಸ್‌ಪಿಒ2 (ರಕ್ತದಲ್ಲಿನ ಆಕ್ಸಿಜನ್ ಶೇಕಡಾ ಮಟ್ಟ) ಮಶೀನು ತೋರಿಸುತ್ತದೆ, ಉಸಿರನ್ನು ಮನುಷ್ಯರೇ ಎಣಿಸಬೇಕು. ಆದ್ದರಿಂದಲೇ ಅದು ತಪ್ಪಿಹೋಗುತ್ತದೆ. ಆದರೆ ಮೊದಲು ಏರುವುದು ಸಾಮಾನ್ಯವಾಗಿ ಅದೇ. ನಾಡಿ ನೋಡುವವರಂತೆ ಮಣಿಕಟ್ಟು ಹಿಡಿದು, ಎದೆಯ ಕಡೆ ಕಣ್ಣಿಟ್ಟು, ಪೂರ್ತಿ 60 ಸೆಕೆಂಡು ಎಣಿಸಿ. ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿದರೆ ಒಂದು ಉಸಿರಿನ ತಪ್ಪು ನಾಲ್ಕಾಗುತ್ತದೆ.

ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಷಿಯನ್ಸ್ 2017ರಲ್ಲಿ ಹೊರತಂದ, ರೋಗಿ ಕೆಡುತ್ತಿರುವುದನ್ನು ಅಂಕದಲ್ಲಿ ಮುಂಚೆಯೇ ಹೇಳುವ ನ್ಯೂಸ್2 ಸ್ಕೋರಿನಲ್ಲಿ ಉಸಿರು 21ರಿಂದ 24 ಇದ್ದರೆ 2 ಅಂಕ, 25 ಅಥವಾ ಮೇಲಿದ್ದರೆ 3. 8 ಅಥವಾ ಕೆಳಗಿದ್ದರೂ 3. ಆಕ್ಸಿಜನ್ ಹಾಕಿದ್ದಾರೆಂದರೆ ಅದಕ್ಕೇ 2. ಮೇಲಿನ ಬಿಪಿ 90 ಅಥವಾ ಕಡಿಮೆ ಇದ್ದರೆ 3. ಹೊಸದಾಗಿ ಗೊಂದಲ ಶುರುವಾಗಿದ್ದರೆ 3, ಇದನ್ನು ಹೆಚ್ಚಿನವರು ಮರೆಯುತ್ತಾರೆ. ಒಟ್ಟು 5 ಆದರೆ ತುರ್ತು, 7 ಆದರೆ ಅತಿ ತುರ್ತು. ಒಂದೇ ಅಂಶಕ್ಕೆ 3 ಬಂದರೂ ವೈದ್ಯರು ನೋಡಲೇಬೇಕು. ಸ್ಕೋರ್ ಕಡಿಮೆ ಇದ್ದರೂ ವಾರ್ಡಿನ ಸಿಸ್ಟರ್ "ಯಾಕೋ ಸರಿ ಕಾಣ್ತಿಲ್ಲ" ಅಂದರೆ ಅದೂ ಕರೆಯೇ.

ಬ್ಯಾಗು

ಕೈಯಿಂದ ಒತ್ತಿ ಉಸಿರು ಕೊಡುವ ಆಂಬು ಬ್ಯಾಗು ಮತ್ತು ಮಾಸ್ಕು, ಬಾಯೊಳಗಿಟ್ಟು ಉಸಿರಿನ ದಾರಿ ತೆರೆದಿಡುವ ಓರಲ್ ಏರ್‌ವೇ 2, 3, 4ನೇ ನಂಬರಿನವು, ರಿಸರ್ವಾಯರ್ ಚೀಲದ ಮಾಸ್ಕು, ಹಸಿರು ಮತ್ತು ಪಿಂಕ್ ಕ್ಯಾನುಲಾ, ಐವಿ ಸೆಟ್, 500 ಎಂಎಲ್ ನಾರ್ಮಲ್ ಸಲೈನ್ ಎರಡು, 25 ಪರ್ಸೆಂಟ್ ಡೆಕ್ಸ್‌ಟ್ರೋಸ್ 100 ಎಂಎಲ್, ಅಡ್ರಿನಾಲಿನ್, ಸಕ್ಷನ್ ಕ್ಯಾತಿಟರ್, ಎಬಿಜಿ (ಅಪಧಮನಿ ರಕ್ತದ ಅನಿಲ ಪರೀಕ್ಷೆ) ಸಿರಿಂಜು, ಟಾರ್ಚು, ಗ್ಲುಕೋಮೀಟರ್. ಮುಂಬಯಿಯ ಮಳೆಗಾಲದ ತೇವಕ್ಕೆ ಮೊದಲು ಕೈಕೊಡುವುದು ಗ್ಲುಕೋಮೀಟರ್ ಸ್ಟ್ರಿಪ್ಪು. ಡಬ್ಬಿಯ ಮುಚ್ಚಳ ಸಡಿಲಬಿಡಬೇಡಿ, ತೆರೆದ ತಾರೀಕು ಬರೆಯಿರಿ. ಲ್ಯಾರಿಂಗೋಸ್ಕೋಪಿನ ಸೆಲ್ ತುಕ್ಕು ಹಿಡಿದಿದೆಯೇ ಎಂದು ಪ್ರತಿ ಡ್ಯೂಟಿಯಲ್ಲೂ ನೋಡಿ.

ಮೊದಲ ಐದು ನಿಮಿಷ

ಬಾಗಿಲಲ್ಲೇ ಮಾತಾಡಿಸಿ. ಮರಾಠಿಯಲ್ಲಿ "ದಮ್ ಲಾಗತೋಯ್ ಕಾ?" (ಏದುಸಿರು ಬರ್ತಿದೆಯಾ?) ಎಂದಾಗ ಪೂರ್ತಿ ವಾಕ್ಯದಲ್ಲಿ ಉತ್ತರ ಬಂದರೆ ಉಸಿರಿನ ದಾರಿ ತೆರೆದಿದೆ, ಮಿದುಳಿಗೆ ರಕ್ತ ಹೋಗುತ್ತಿದೆ. ಎರಡೆರಡು ಪದಕ್ಕೆ ನಿಲ್ಲುತ್ತಿದ್ದರೆ ಕೂರಿಸಿ, ಆಕ್ಸಿಜನ್ ಹಾಕಿ, ಮಿಕ್ಕದ್ದು ಆಮೇಲೆ. ಗೊರಕೆಯಂಥ ಸದ್ದು ಬರುತ್ತಿದ್ದರೆ "ಮಲಗಿದ್ದಾರೆ" ಎಂಬ ಮಾತನ್ನು ನಂಬಬೇಡಿ, ಗದ್ದ ಎತ್ತಿ ನೋಡಿ. ಆಪರೇಶನ್ ಆದ ರಾತ್ರಿ ಹೀಗಿದ್ದು, ಉಸಿರು ಎಂಟಕ್ಕಿಳಿದು, ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗಿದ್ದರೆ ಉಸಿರನ್ನು ತಗ್ಗಿಸುವ ನೋವಿನ ಔಷಧಗಳಾದ ಮಾರ್ಫಿನ್, ಫೆಂಟನಿಲ್ ಯಾವಾಗ ಕೊಟ್ಟರೆಂದು ಕೇಳಿ. ಮೊದಲು ಆಂಬು ಬ್ಯಾಗಿನಿಂದ ಉಸಿರು ಕೊಡಿ. ಅವುಗಳ ಪ್ರಭಾವ ಇಳಿಸುವ ನಾಲೊಕ್ಸೋನ್ 0.4 ಎಂಜಿಯನ್ನು ಸಲೈನ್ ಬೆರೆಸಿ 10 ಎಂಎಲ್ ಮಾಡಿಕೊಂಡು ಒಂದೊಂದೇ ಎಂಎಲ್ ಕೊಟ್ಟರೆ ಉಸಿರು ಮರಳುತ್ತದೆ, ನೋವು ಒಮ್ಮೆಲೇ ಸಿಡಿಯುವುದಿಲ್ಲ. ನಾಲೊಕ್ಸೋನಿನ ಪ್ರಭಾವ 30ರಿಂದ 90 ನಿಮಿಷ ಮಾತ್ರ. ಎಚ್ಚರಾದರು ಎಂದು ಬಿಟ್ಟುಬಂದರೆ ಅದೇ ಬೆಡ್ಡಿನಿಂದ ಮತ್ತೆ ಕರೆ ಬರುತ್ತದೆ.

ಆಕ್ಸಿಜನ್ನಿನಲ್ಲಿ ಎಡವುವುದೇ ಹೆಚ್ಚು. ರಿಸರ್ವಾಯರ್ ಮಾಸ್ಕಿಗೆ ನಿಮಿಷಕ್ಕೆ 10ರಿಂದ 15 ಲೀಟರ್ ಬೇಕು. ಮುಖಕ್ಕೆ ಹಾಕುವ ಮೊದಲೇ ಚೀಲ ತುಂಬಿರಬೇಕು. ತುಂಬದಿದ್ದರೆ ಹ್ಯೂಮಿಡಿಫೈಯರ್ ಬಾಟಲಿಯ ಮುಚ್ಚಳ ಸಡಿಲವಿದೆಯೇ ನೋಡಿ, ಗಾಳಿ ಅಲ್ಲಿಂದಲೇ ಸೋರಿಹೋಗುತ್ತಿರುತ್ತದೆ. ಎಸ್‌ಪಿಒ2 ಗುರಿ 94ರಿಂದ 98. ಕಾರ್ಬನ್ ಡೈಆಕ್ಸೈಡ್ ಕಟ್ಟಿಕೊಳ್ಳುವ ಸಿಒಪಿಡಿ (ದೀರ್ಘಕಾಲದ ಶ್ವಾಸಕೋಶದ ಕಾಯಿಲೆ) ರೋಗಿಗೆ 88ರಿಂದ 92 ಸಾಕು. ಬೆರಳಿಗೆ ದಟ್ಟ ಮೆಹಂದಿಯೋ ನೇಲ್ ಪಾಲಿಶೋ ಇದ್ದರೆ ಬೇರೆ ಬೆರಳು ಹುಡುಕಿ. ಬಿಪಿ ಪಟ್ಟಿ ಕಟ್ಟಿದ ಕೈಗೇ ಎಸ್‌ಪಿಒ2 ಪ್ರೋಬ್ ಹಾಕಿದ್ದರೆ ಪಟ್ಟಿ ಉಬ್ಬಿದಾಗಲೆಲ್ಲ ರೀಡಿಂಗ್ ಬೀಳುತ್ತದೆ.

ಪ್ರಜ್ಞೆ ಮಂಕಾಗಿದೆ ಎಂದರೆ ಶುಗರ್ ನೋಡದೆ ಯಾರಿಗೂ ಫೋನ್ ಮಾಡಬೇಡಿ. 70ಕ್ಕಿಂತ ಕೆಳಗಿದ್ದು ನುಂಗಲಾಗದಿದ್ದರೆ 25 ಪರ್ಸೆಂಟ್ ಡೆಕ್ಸ್‌ಟ್ರೋಸ್ 100 ಎಂಎಲ್, ಒಳ್ಳೆಯ ರಕ್ತನಾಳದಲ್ಲಿ. ಹದಿನೈದು ನಿಮಿಷಕ್ಕೆ ಮತ್ತೆ ಚೆಕ್.

ಫೋನಿನಲ್ಲಿ ಮೊದಲ ವಾಕ್ಯದಲ್ಲೇ ಬೇಡಿಕೆ ಇರಲಿ: "ಸರ್, 712ನೇ ಬೆಡ್ಡಿಗೆ ಈಗಲೇ ಬರಬೇಕು. ಉಸಿರು 32, ಬಿಪಿ 84/50, ಸ್ಕೋರ್ 9. ನಿನ್ನೆ ಕರುಳಿನ ಆಪರೇಶನ್. 15 ಲೀಟರ್ ಆಕ್ಸಿಜನ್, ಸಲೈನ್ ಶುರುಮಾಡಿದ್ದೇನೆ. ಸೆಪ್ಸಿಸ್ ಅನಿಸುತ್ತಿದೆ, ಬ್ಲಡ್ ಕಲ್ಚರ್, ಲ್ಯಾಕ್ಟೇಟ್ ತೆಗೆಯಲೇ?" ಕಥೆಯನ್ನು ಅಡ್ಮಿಶನ್ ದಿನದಿಂದ ಶುರುಮಾಡಿದರೆ ಅತ್ತ ಕಡೆಯವರು ಅರ್ಧವನ್ನಷ್ಟೇ ಕೇಳಿಸಿಕೊಳ್ಳುತ್ತಾರೆ.

ಮಳೆಗಾಲದ ರೋಗಿಗಳು

ಸ್ಕೋರ್ ಮೋಸ ಮಾಡುವುದು ಡೆಂಗೀಯಲ್ಲಿ. ಜ್ವರ ಇಳಿಯುವ ಹೊತ್ತಿಗೇ, ಅಂದರೆ ಮೂರರಿಂದ ಏಳನೇ ದಿನದ ನಡುವೆ, ರಕ್ತನಾಳದಿಂದ ಪ್ಲಾಸ್ಮಾ ಸೋರತೊಡಗುತ್ತದೆ. ಬಿಪಿ 104/86, ನಾಡಿ 108, ಜ್ವರವಿಲ್ಲ, ಉಸಿರು 20: ಸ್ಕೋರ್ ಬರೀ 2. ಆದರೆ ಮೇಲಿನ ಕೆಳಗಿನ ಬಿಪಿಯ ಅಂತರ 18. ಇಪ್ಪತ್ತು ಅಥವಾ ಕಡಿಮೆ ಎಂದರೆ ಶಾಕ್ ಎಂದೇ ಹಿಡಿಯಬೇಕು. ಕೈಕಾಲು ತಣ್ಣಗಿದೆಯೇ, ಹೊಟ್ಟೆನೋವು, ವಾಂತಿ ಇದೆಯೇ, ಮೂತ್ರ ಎಷ್ಟು, ಹೆಮಟೋಕ್ರಿಟ್ (ರಕ್ತದಲ್ಲಿ ಕೆಂಪುಕಣಗಳ ಪಾಲು) ಏರಿದೆಯೇ ನೋಡಿ. ಮನೆಯವರು ಕೇಳುವುದೆಲ್ಲ ಪ್ಲೇಟ್‌ಲೆಟ್, ಕೊಲ್ಲುವುದು ಹೆಚ್ಚಾಗಿ ಈ ಸೋರಿಕೆ. ಸಲೈನ್ ಕೂಡ ಅಳತೆಯಲ್ಲೇ ಹೋಗಬೇಕು. ಸೋರಿದ್ದು ಎರಡು ದಿನದ ನಂತರ ರಕ್ತಕ್ಕೆ ಮರಳುವಾಗ ಹೆಚ್ಚುವರಿ ನೀರು ಶ್ವಾಸಕೋಶದಲ್ಲಿ ನಿಲ್ಲುತ್ತದೆ.

ನೆರೆನೀರಿನಲ್ಲಿ ನಡೆದವರಿಗೆ ಜ್ವರ, ಮೀನಖಂಡದ ನೋವು, ಕೆಂಪುಕಣ್ಣು ಇದ್ದರೆ ಲೆಪ್ಟೋ (ಲೆಪ್ಟೊಸ್ಪೈರೋಸಿಸ್, ಇಲಿಜ್ವರ) ನೆನಪಿರಲಿ. 2005ರ ಜುಲೈ 26ರ ಮಹಾಮಳೆಯ ನಂತರ ಮುಂಬಯಿಯಲ್ಲಿ ಅದು ದೊಡ್ಡದಾಗಿಯೇ ಹರಡಿತ್ತು. ಕಫದಲ್ಲಿ ರಕ್ತ ಕಂಡು ಉಸಿರು ಏರುತ್ತಿದ್ದರೆ ಎಕ್ಸ್‌ರೇಗೆ ಕಾಯದೆ ಐಸಿಯು ಬೆಡ್ ಕೇಳಿ.

ಸಾಗಿಸುವಾಗ

ಆಕ್ಸಿಜನ್ನಿನ ಬಿ-ಟೈಪ್ ಸಿಲಿಂಡರ್ ತುಂಬಿದ್ದರೆ ಸುಮಾರು 1500 ಲೀಟರ್. ಒತ್ತಡದ ಗೇಜು ಕಿಲೋ ಲೆಕ್ಕದಲ್ಲಿ 50 ತೋರಿಸಿದರೆ ಹತ್ತರಿಂದ ಗುಣಿಸಿ: 500 ಲೀಟರ್. 15 ಲೀಟರಿನ ಹರಿವಿಗೆ ಅರ್ಧ ಗಂಟೆ ಚಿಲ್ಲರೆ. ಅದರಲ್ಲಿ ಅರ್ಧವನ್ನಷ್ಟೇ ಲೆಕ್ಕಕ್ಕೆ ಹಿಡಿಯಿರಿ, ಭೇಟಿಯ ಸಮಯದ ಲಿಫ್ಟು ಯಾರ ಮಾತೂ ಕೇಳುವುದಿಲ್ಲ. ಟ್ರಾಲಿ ಮುಟ್ಟುವ ಮೊದಲೇ ಮಾಮಾ (ವಾರ್ಡ್ ಬಾಯ್) ಒಬ್ಬರನ್ನು ಲಿಫ್ಟ್ ಹಿಡಿಯಲು ಕಳಿಸಿ. ಸಿಲಿಂಡರಿನ ಚಾವಿ ಟ್ರಾಲಿಗೇ ಕಟ್ಟಿರಲಿ. ಡಿಪಾಸಿಟ್, ವಿಮೆಯ ಟಿಪಿಎ ಮಾತನ್ನು ಬಿಲ್ಲಿಂಗಿನವರು ಆಡಲಿ, ನೀವು ಆಡಬೇಡಿ.

ವಾರ್ಡಿನ ಸಿಸ್ಟರ್ ಎದುರು "ಇಷ್ಟು ಹೊತ್ತು ಏನ್ ಮಾಡ್ತಿದ್ರಿ?" ಎಂದು ಒಮ್ಮೆ ಕೇಳಿದರೆ ಆಕೆ ಮುಂದಿನ ಸಲ ಇನ್ನೂ ತಡವಾಗಿ ಕರೆಯುತ್ತಾರೆ. ಕರೆ ಇಲ್ಲದ ಹೊತ್ತಿನಲ್ಲಿ ನೀವೇ ಸುತ್ತುಹಾಕಿ. ಐಸಿಯುನಿಂದ ಇಳಿದವರನ್ನು ಮೊದಲ 24 ಗಂಟೆಯಲ್ಲಿ ಎರಡು ಸಲವಾದರೂ ನೋಡಿ.

ಮುಂಬಯಿಯ ಸಯನ್-ಕುರ್ಲಾ ನಡುವೆ ಲೋಕಲ್ ರೈಲಿನ ಹಳಿಗೆ ನೀರು ಬಂದ ದಿನ ಡೊಂಬಿವಲಿ, ಕಲ್ಯಾಣ ಕಡೆಯ ನೈಟ್ ಡ್ಯೂಟಿಯವರು ಯಾವಾಗ ಬರುತ್ತಾರೋ ಹೇಳಲಾಗದು. ಹ್ಯಾಂಡೋವರ್ ಬಾಯಿಮಾತಿಗೆ ಬಿಡಬೇಡಿ. ಬೆಡ್ ನಂಬರ್, ಕೊನೆಯ ಸ್ಕೋರ್ ಮತ್ತು ಗಂಟೆ, ಯಾವ ವೈದ್ಯರಿಗೆ ತಿಳಿಸಿದ್ದು, ಮತ್ತೆ ಯಾವಾಗ ನೋಡಬೇಕು, ಇಷ್ಟನ್ನೂ ಬರೆದು ಚಾರ್ಜ್ ಸಿಸ್ಟರ್ ಕೈಗೆ ಕೊಡಿ.