ಪೆನ್ಸಿಲ್ ಫೈಟು: ಅಟ್ಟದಿಂದ ಇಳಿಸಿದ ಮೇಲೆ ಗೆದ್ದೆ

ಹೋದ ಮಳೆಗಾಲದವರೆಗೆ ನನ್ನ ಗೆಳೆಯನ ಎದುರು ಒಂದು ಆಟವನ್ನೂ ಗೆದ್ದಿರಲಿಲ್ಲ. ಆಟ ಕಲಿಸಿದ್ದು ಅವನೇ. ತೀರ್ಥಹಳ್ಳಿ ಹತ್ತಿರದ ಅವನ ಮನೆ ಜಗಲಿಯಲ್ಲಿ, ಕರೆಂಟ್ ಹೋದ ಸಂಜೆಗಳಲ್ಲಿ ಕೂತು ಆಡುತ್ತಿದ್ದೆವು. ನಿಯಮ ಸುಲಭ, ಒಬ್ಬ ಎರಡೂ ಕೈಯಲ್ಲಿ ಪೆನ್ಸಿಲ್ ಅಡ್ಡ ಹಿಡಿಯಬೇಕು, ಇನ್ನೊಬ್ಬ ತನ್ನ ಪೆನ್ಸಿಲ್ಲಿನಿಂದ ಅದಕ್ಕೆ ಹೊಡೆಯಬೇಕು, ಆಮೇಲೆ ಸರದಿ ಬದಲು, ಯಾರದ್ದು ಮುರಿಯಿತೋ ಅವನು ಸೋತ. ನಮ್ಮಲ್ಲಿ ಒಂದು ಮಾತ್ರ ಜಾಸ್ತಿ, ಏಟು ಬೀಳುವಾಗ ಹಿಡಿದವನು ಪೆನ್ಸಿಲ್ ಹಿಂದಕ್ಕೆ ಎಳೆಯುವ ಹಾಗಿಲ್ಲ. ಈಗ ಹತ್ತು ಆಟ ಆಡಿದರೆ ಆರೇಳು ನನ್ನವೇ. "ನೆನೆದ ಪೆನ್ಸಿಲ್ ಎಲ್ಲಾದರೂ ಗೆಲ್ಲುತ್ತಾ?" ಅಂತ ಕೇಳಿದವರು ಬಹಳ ಜನ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲ ತಿಂಗಳಲ್ಲೇ ಸುಮಾರು 40 ಪೆನ್ಸಿಲ್ ಮುರಿದವು. ಒಂದಕ್ಕೆ 5 ರೂಪಾಯಿ ಅಂದರೂ 200 ಹೋಯಿತು. ಉಳಿಸೋಣ ಅಂತ ಶಿವಮೊಗ್ಗದ ಗಾಂಧಿ ಬಜಾರಿನಿಂದ ಹೆಸರಿಲ್ಲದ ಪೆನ್ಸಿಲ್ ನೂರು ತಂದೆ, 250ರ ಆಸುಪಾಸು ಕೊಟ್ಟಿದ್ದೆ. ಅದು ಪೂರ್ತಿ ದಂಡ. ತುದಿ ನೋಡಿದರೆ ಸೀಸ ನಡುವೆ ಇರದೆ ಒಂದು ಪಕ್ಕಕ್ಕೆ ಸರಿದಿತ್ತು, ಆ ಕಡೆ ಮರ ಉಗುರಿನಷ್ಟು ತೆಳು, ಸರಿಯಾಗಿ ಅಲ್ಲೇ ಮುರಿಯುತ್ತಿತ್ತು. ಈಗ ಪೆನ್ಸಿಲ್ ಕೊಳ್ಳುವಾಗ ಮೊದಲು ತುದಿ ನೋಡುತ್ತೇನೆ. ಮೆತ್ತಗಿನ ಸೀಸದ 2ಬಿ, 4ಬಿ ತೆಗೆದುಕೊಳ್ಳುವುದೇ ಇಲ್ಲ, ಅಂಥವುಗಳಲ್ಲಿ ಹಲವಕ್ಕೆ ಸೀಸ ದಪ್ಪ, ಮರ ಕಮ್ಮಿ. ಬಣ್ಣದ ಪೆನ್ಸಿಲ್ ಅಂತೂ ಬೇಡವೇ ಬೇಡ. ಮಾಮೂಲಿ ಎಚ್‌ಬಿ ಸಾಕು, ನನ್ನವು ಹೆಚ್ಚಿನವು ಕೆಂಪು ಕಪ್ಪು ಪಟ್ಟೆಯ ನಟರಾಜ್.

ಆಮೇಲೆ ಮಾಡಿದ್ದು ದೊಡ್ಡ ತಪ್ಪು. ಒಣಗಿದಷ್ಟೂ ಗಟ್ಟಿ ಅಂದುಕೊಂಡು ಎರಡು ಬಾಕ್ಸ್ ಪೆನ್ಸಿಲ್ಲನ್ನು ಒಲೆ ಮೇಲಿನ ಅಟ್ಟದಲ್ಲಿ, ಹಲಸಿನ ಹಪ್ಪಳದ ಡಬ್ಬದ ಪಕ್ಕ ಹದಿನೈದು ದಿನ ಇಟ್ಟೆ. ಇಳಿಸಿದಾಗ ಕಲ್ಲಿಗೆ ಬಡಿದರೆ ಟಣ್ ಅನ್ನುತ್ತಿದ್ದವು, ನನಗೆ ಖುಷಿಯೋ ಖುಷಿ. ಅವತ್ತು ಒಂದೇ ಸಂಜೆ 11 ಹೋದವು. ಒಂದೊಂದೂ ಮೊದಲ ಏಟಿಗೆ, ಇಲ್ಲಾ ಎರಡನೆಯದಕ್ಕೆ ಚಟ್. ಗೆಳೆಯನ ಪೆನ್ಸಿಲ್ ಮಾತ್ರ ಗಟ್ಟಿಯಾಗಿ ನಿಂತಿತ್ತು. ಅದು ವಾರದಿಂದ ಜಗಲಿ ಕಿಟಕಿಯಲ್ಲಿ ಮಳೆ ಇರಚಲಿಗೆ ಸಿಕ್ಕಿ ಬಿದ್ದಿದ್ದ ಪೆನ್ಸಿಲ್. ರಾತ್ರಿ ಮುರಿದ ತುಂಡುಗಳನ್ನು ಲಾಟೀನಿನ ಬೆಳಕಿಗೆ ಹಿಡಿದು ನೋಡಿದೆ. ನನ್ನವು ಚಾಕುವಿನಲ್ಲಿ ಕತ್ತರಿಸಿದ ಹಾಗೆ ಮುರಿದಿದ್ದವು. ಕೊನೆಗೆ ಮುರಿದ ಅವನ ಪೆನ್ಸಿಲ್ಲಿನಲ್ಲಿ ಅರ್ಧ ಇಂಚು ಉದ್ದದ ನಾರು ಹೊರಗೆ ಬಂದಿತ್ತು. ಹಸಿ ಕಡ್ಡಿ ಬಗ್ಗುತ್ತೆ, ಒಣಗಿದ್ದು ಲಟಕ್ಕನೆ ಮುರಿಯುತ್ತೆ. ಮಲೆನಾಡಿನಲ್ಲಿ ಹುಟ್ಟಿದವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ ಅಲ್ವಾ? ಆದರೆ ಪೆನ್ಸಿಲ್ಲನ್ನು ನಾನು ಅಲ್ಲಿಯವರೆಗೆ ಮರ ಅಂತ ನೋಡಿರಲೇ ಇಲ್ಲ.

ಸರಿ, ರಾತ್ರಿಯಿಡೀ ನೀರಿನಲ್ಲಿ ಮುಳುಗಿಸಿಟ್ಟೆ. ಬೆಳಿಗ್ಗೆ ಬಣ್ಣ ಗುಳ್ಳೆ ಎದ್ದಿತ್ತು, ಎರಡರಲ್ಲಿ ಅಂಟು ಬಿಟ್ಟು ಉದ್ದಕ್ಕೆ ಹೋಳಾಗಿ, ಸೀಸ ಹುರಿಗಡಲೆ ಸಿಪ್ಪೆಯ ಹಾಗೆ ಕಳಚಿಕೊಂಡು ಬಿತ್ತು. ಪೆನ್ಸಿಲ್ ಅಂದರೆ ಎರಡು ಹಲಗೆ ಅಂಟಿಸಿದ್ದು ತಾನೇ. ಆಮೇಲೆ ಒದ್ದೆ ಬಟ್ಟೆ ಸುತ್ತಿ ನೋಡಿದೆ, ಏನೂ ಆಗಲಿಲ್ಲ. ಬಣ್ಣ ನೀರನ್ನು ಒಳಗೆ ಬಿಡುವುದಿಲ್ಲ. ಎರಡೂ ತುದಿ ಚೂರು ಕೆತ್ತಿ ಸುತ್ತಿದ ಮೇಲೆ ಕೆಲಸ ಮಾಡಿತು. ನಮ್ಮ ಪೆನ್ಸಿಲ್‌ಗಳಿಗೆ ಮರ ಹೆಚ್ಚಾಗಿ ಕಾಶ್ಮೀರದ ಪುಲ್ವಾಮಾ ಕಡೆಯಿಂದ ಬರುವ ಪಾಪ್ಲರ್, ಮೆತ್ತಗಿನ ಮರ, ತುದಿಯಿಂದ ಬೇಗ ಹೀರುತ್ತೆ. ಎಷ್ಟು ಗಂಟೆ ಇಡಬೇಕು ಅನ್ನುವುದನ್ನು ಮಾತ್ರ ಹೇಳುವುದಿಲ್ಲ. ಪುನರ್ವಸು ಮಳೆಯಲ್ಲಿ ಒಂದು ಲೆಕ್ಕ, ಆಶ್ಲೇಷದಲ್ಲಿ ಬೇರೆ ಲೆಕ್ಕ, ಹಿಡಿದು ಸ್ವಲ್ಪ ಬಗ್ಗಿಸಿದರೆ ಕೈಗೇ ಗೊತ್ತಾಗುತ್ತೆ.

ಮೊದಲ ದಿನ ಅಂಥದ್ದೊಂದು ಪೆನ್ಸಿಲ್ ಅವನ ನಾಲ್ಕನ್ನು ಮುರಿಯಿತು. ಸುಮಾರು 30 ಏಟು ತಿಂದರೂ ಜಪ್ಪಯ್ಯ ಅನ್ನಲಿಲ್ಲ. ಅವನು ಎರಡು ಸಲ ಇಸಿದುಕೊಂಡು ತಿರುಗಿಸಿ ನೋಡಿದ, ಒಳಗೆ ತಂತಿ ತುರುಕಿದ್ದೀಯಾ ಅಂತ ಕೇಳಿದ.

ಹೊಡೆಯುವಾಗ ನಾನು ಪೆನ್ಸಿಲ್ಲಿನ ಏಣು ತಾಗುವ ಹಾಗೆ ಹೊಡೆಯುತ್ತೇನೆ, ಚಪ್ಪಟೆ ಮೈ ತಾಗಿದರೆ ಏಟು ಹಂಚಿಹೋಗುತ್ತೆ. ಹಿಂದಿನ ಏಟಿನ ತಗ್ಗು ಎಲ್ಲಿದೆಯೋ ಅಲ್ಲಿಗೇ ಬೀಳಬೇಕು. ಅದಕ್ಕೇ ಗೆಳೆಯ ಪ್ರತಿ ಸಲ ಪೆನ್ಸಿಲ್ ತಿರುಗಿಸಿ ಹಿಡಿಯುತ್ತಾನೆ. ಹಿಡಿಯುವಾಗ ಎಡಗೈ ಕಿರುಬೆರಳಿನಲ್ಲಿ ನಾನು ಮಾಡುವುದೊಂದಿದೆ, ಅದು ಅವನಿಗೇ ಇನ್ನೂ ಗೊತ್ತಿಲ್ಲ, ಇಲ್ಲಿ ಹೇಗೆ ಬರೆಯಲಿ.

ನಡುವೆ ಸುಮ್ನೆ ಅಡಿಕೆ ದಬ್ಬೆ ಸೀಳಿ ಪೆನ್ಸಿಲ್ ದಪ್ಪಕ್ಕೆ ಹೆರೆದೂ ನೋಡಿದೆ. 60 ಏಟಿಗೂ ಮುರಿಯಲಿಲ್ಲ, ಬರೆಯಲು ಬರುವುದಿಲ್ಲ ಅಂತ ಅವನು ಒಪ್ಪಲಿಲ್ಲ, ಅದು ನ್ಯಾಯವೇ. ಹಳೇ ಪೇಪರ್ ಸುತ್ತಿ ಮಾಡಿದ ಪೆನ್ಸಿಲ್ ಬೇಸಿಗೆಯಲ್ಲಿ ಏಟು ಚೆನ್ನಾಗಿ ತಡೆಯುತ್ತೆ, ಮಳೆಗಾಲದಲ್ಲಿ ಪದರ ಬಿಡುತ್ತೆ.

ಲೆಕ್ಕ ಹಾಕಿದರೆ ಒಟ್ಟು 900 ರೂಪಾಯಿ ಹತ್ತಿರ ಖರ್ಚಾಗಿರಬಹುದು. ಮಾರ್ಚ್ ಬಂದರೆ ಬಟ್ಟೆ ಒಂದು ಗಂಟೆಯಲ್ಲಿ ಒಣಗುತ್ತೆ, ಪೆನ್ಸಿಲ್ ಮತ್ತೆ ಚಟ್ ಅನ್ನುತ್ತೆ. ಅದಕ್ಕೆ ಈಗ ಹಸಿ ಅಡಿಕೆ ಹಾಳೆಯಲ್ಲಿ ಆರು ಪೆನ್ಸಿಲ್ ಸುತ್ತಿ ಬಾವಿಕಟ್ಟೆಯ ನೆರಳಿನಲ್ಲಿ ಇಟ್ಟಿದ್ದೇನೆ. ಭಾನುವಾರ ಗೆಳೆಯ ಬರುತ್ತಾನೆ.