ಮಿಡಿಯದ ಹೃದಯದಲ್ಲಿ ಅಲೆ ಹಿಡಿದದ್ದು

ನಮ್ಮ ಲ್ಯಾಬಿನಲ್ಲಿ ಹೃದಯದ ವಿದ್ಯುತ್ ಅಲೆಗಳನ್ನು ಹೊಳೆಯುವ ಬಣ್ಣದ ನೆರವಿನಿಂದ ಕ್ಯಾಮೆರಾದಲ್ಲಿ ಹಿಡಿಯುತ್ತೇವೆ. ಸ್ನಾಯು ಅಲುಗಿದರೆ ಸಿಗ್ನಲ್ ಕೆಡುತ್ತದೆ. ಅದಕ್ಕೆ ಸಂಕೋಚನವನ್ನಷ್ಟೇ ತಡೆಯುವ ಬ್ಲೆಬಿಸ್ಟಾಟಿನ್ ಎಂಬ ಔಷಧ ಬಳಸುತ್ತೇವೆ. ಆದರೂ ಅಲುಗಾಟ ಪೂರ್ತಿ ನಿಲ್ಲುತ್ತಿರಲಿಲ್ಲ. ಜೊತೆಗೆ ಅಲ್ಲಲ್ಲಿ ಅಲೆ ನಿಧಾನವಾಗುತ್ತಿತ್ತು. ನನಗೆ ಹೆಚ್ಚು ಆತಂಕ ತಂದದ್ದು ಇದೇ, ಏಕೆಂದರೆ ಅದು ಥೇಟ್ ಕಾಯಿಲೆಯ ಲಕ್ಷಣದಂತೆ ಕಾಣುತ್ತದೆ.

ಈ ಔಷಧ ನೀರಿನಲ್ಲಿ ಸುಲಭವಾಗಿ ಕರಗದು. ಹೃದಯದೊಳಗೆ ಹರಿಸುವ ದ್ರಾವಣ ತಣ್ಣಗಿದ್ದರೆ ಅದರಲ್ಲಿ ಸಣ್ಣ ಹರಳುಗಟ್ಟಿ ಸೂಕ್ಷ್ಮ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಅಲ್ಲಿ ಆಮ್ಲಜನಕ ತಲುಪದೆ ಅಲೆ ನಿಧಾನವಾಗುತ್ತದೆ. ಹಾಗಾಗಿ ಔಷಧವನ್ನು ಮೊದಲು ಡಿಎಂಎಸ್‌ಒ ಎಂಬ ದ್ರಾವಕದಲ್ಲಿ ಕರಗಿಸಿ, 37 ಡಿಗ್ರಿಗೆ ಬೆಚ್ಚಗಾದ ದ್ರಾವಣಕ್ಕೆ ಕಲಕುತ್ತಾ ಹನಿಹನಿಯಾಗಿ ಸೇರಿಸಿದೆವು, ಕೊಳವೆಗೆ ಫಿಲ್ಟರ್ ಕೂರಿಸಿದೆವು. ನೀಲಿ ಬೆಳಕಿಗೆ ಔಷಧದ ಶಕ್ತಿ ಕುಂದುವುದರಿಂದ ಕೋಣೆಯ ದೀಪವನ್ನೂ ಆರಿಸಿದೆವು. ಬಣ್ಣಕ್ಕೆ ಬೇಕಾದದ್ದು ಹಸಿರು ಬೆಳಕು, ತೊಂದರೆಯಿಲ್ಲ. ಅಲುಗಾಟ ನಿಂತಿತು, ನಿಧಾನವಾಗುತ್ತಿದ್ದ ಜಾಗಗಳೂ ಮಾಯವಾದವು.